ನಲವತ್ತು ಮಾರ್ಕರ್‌ಗಳಿಗೆ ಹಾಕಿದ ಎಣ್ಣೆ

ರೇಣುಕಾ, ಕೊಳಾರದ ಕಾರ್ಖಾನೆಯಿಂದ ನಿನಗೆ ಕೆಲಸದ ಪತ್ರ ಬಂದ ದಿನ ನನ್ನ ಮುಂದೆ ಕೂತು, "ಆಯಿ, ನೀ ಅದೇ ಕೊಳಾರದಾಗ ಹದಿಮೂರು ವರ್ಷ ದುಡಿದೀ. ನಾ ಏನೇನ್ ಕಲಿಬೇಕು ಹೇಳು" ಅಂದೆ. ನಾನು "ಹೊತ್ತಿಗಿ ಸರಿಯಾಗಿ ಹೋಗು, ಕೂದಲ ಬಿಗಿಯಾಗಿ ಕಟ್ಕೋ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಎದ್ದುಬಿಟ್ಟೆ. ಅದಕ್ಕಿಂತ ಹೆಚ್ಚು ಹೇಳಲು ನಿನ್ನ ಅಜ್ಜಿಗೆ ಬಾಯಿ ಬರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡುವುದಿರಲಿ, ಒಬ್ಬರ ಮುಂದೆಯೂ ನನಗೆ ಮಾತು ಹೊರಡುವುದಿಲ್ಲ. ಬರೆದರೆ ಬಂದೀತು ಎಂದುಕೊಂಡು ನಿನ್ನ ತಮ್ಮ ಮಲ್ಲುವಿನ ಹಳೆಯ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇಬ್ಬರೂ ಓದಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಖಾಜಾಮಿಯಾ ಎಂಬ ಫಿಟ್ಟರ್ ಇದ್ದರು. ನನಗೆ ಕೆಲಸ ಕಲಿಸಿದವರು ಅವರೇ. ನಾನು ಮಾಡಿದ ತಪ್ಪಿಗೆ ಅವರ ಕೆಲಸ ಹೋಯಿತು, ಕೆಲಸಕ್ಕಿಂತ ದೊಡ್ಡದಾದ ಹೆಸರೂ ಹೋಯಿತು. ಅದು ಹೋಗುವಾಗ ನಾನು ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ನಿಂತಿದ್ದೆ. ಉಳಿದದ್ದೆಲ್ಲ ಇದರ ಸುತ್ತಲಿನ ಮಾತು.

ನಾನು ಸಾಯಗಾಂವದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಸಂತಪುರಕ್ಕೆ ಕೊಟ್ಟರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅವ್ವನನ್ನು ಕರೆದುಕೊಂಡು ಬೀದರಕ್ಕೆ ಬಂದು ಬಾಡಿಗೆ ಕೋಣೆ ಹಿಡಿದೆ. ನೆರೆಯವಳೊಬ್ಬಳು ಊರ ಹೊರಗಿನ ಕೊಳಾರದಲ್ಲಿ ಹೊಸ ಕಾರ್ಖಾನೆ ತೆರೆದಿದ್ದಾರೆ, ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಅಂದಳು. ಅಲ್ಲಿ ಮ್ಯಾನೇಜರ್ ಪಾಟೀಲ ಸರ್ ಕೇಳಿದ್ದು ಎರಡೇ ಪ್ರಶ್ನೆ.

"ಬಾಯಿ, ನಿಮಗೇನ್ ಬರ್ತದ?"

"ಹೊಲಿಗಿ ಬರ್ತದ್ರಿ."

"ಸೂಜ್ಯಾಗ ದಾರ ಪೋಣಸ್ಲಿಕ್ಕಿ ಚಸ್ಮಾ ಬೇಕೇನು?"

"ಬ್ಯಾಡ್ರಿ."

"ಸೋಮವಾರದಿಂದ ಬರ್ರಿ."

ಏನು ತಯಾರಿಸುತ್ತಾರೆಂದು ಸೋಮವಾರ ಒಳಗೆ ಹೋಗುವವರೆಗೂ ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ಸಾಲಾಗಿ ಬಂದೂಕುಗಳಿದ್ದವು! ನಾನು ಬಾಗಿಲಲ್ಲೇ ನಿಂತೆ. ಲೇಥಿನ ಹತ್ತಿರ ಅರೆನೆರೆತ ಗಡ್ಡದವರೊಬ್ಬರು ನಕ್ಕು, "ಬರ್ರಿ ಬಾಯಿ, ಹೆದರಬ್ಯಾಡ್ರಿ. ಇದು ಮಂದಿಗಿ ಕೊಲ್ಲಲ್ಲ, ಅಂಗಿ ಹೊಲಸ್ ಮಾಡ್ತದ ಅಷ್ಟೇ" ಅಂದರು. ಅವರೇ ಖಾಜಾಮಿಯಾ.

ಸಂತಪುರಕ್ಕೆ ಈ ಸುದ್ದಿ ಮುಟ್ಟಲು ತಡವಾಗಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ನಮ್ಮ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೆಂಡತಿ, "ಕಲಾವತಿ ಬಂದೂಕ ಮಾಡ್ಲತ್ತಾಳ, ಸರೀರಿ ಸರೀರಿ, ಗುಂಡು ಹೊಡ್ದಾಳು" ಎಂದು ಹಾದಿ ಬಿಡಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.

ಅದಕ್ಕೆ ಮಾರ್ಕರ್ ಎಂದು ಹೆಸರು. ಬಣ್ಣ ತುಂಬಿದ ಗುಂಡುಗಳನ್ನು ಒಬ್ಬರಿಗೊಬ್ಬರು ಹೊಡೆದುಕೊಳ್ಳುವ ಆಟಕ್ಕೆ ಬೇಕಾದದ್ದು. ಗುಂಡಿನ ಸಿಪ್ಪೆ ಔಷಧದ ಗುಳಿಗೆಯ ಸಿಪ್ಪೆಯಂಥದ್ದು, ತೆಳ್ಳಗೆ. ಒಳಗಿನ ಬಣ್ಣ ನೀರು ಹಾಕಿದರೆ ಹೋಗುತ್ತದೆ. ಯಾರ ಮೈಮೇಲೆ ಒಡೆಯಿತೋ ಅವರು ಆಟದಿಂದ ಹೊರಗೆ. ಭಾಲ್ಕಿ ರಸ್ತೆಯಲ್ಲಿ ಹಳೆಯ ಟೈರು, ಡ್ರಮ್ಮು, ಮಣ್ಣಿನ ಗುಡ್ಡೆ ಹಾಕಿ ಒಂದು ಮೈದಾನ ಮಾಡಿದ್ದರು. ನಮ್ಮ ಮಾರ್ಕರ್‌ಗಳು ಮೊದಲು ಅಲ್ಲಿಗೇ ಹೋಗುತ್ತಿದ್ದವು, ಆಮೇಲೆ ಹೈದರಾಬಾದಿನ ಕಡೆಗೆ. ಮೊದಲ ಸಲ ನೋಡಲು ಹೋದಾಗ, ಕಾಲೇಜಿನ ಹುಡುಗರು ಮುಖವಾಡ ಹಾಕಿಕೊಂಡು ಡ್ರಮ್ಮಿನ ಹಿಂದೆ ಬಗ್ಗಿ ಬಗ್ಗಿ ಓಡುತ್ತಿದ್ದರು. ಅಂಗಿಯ ಮೇಲೆ ಹಳದಿ, ಕೆಂಪು. ಇದಕ್ಕಾಗಿ ನಾವು ಬೆನ್ನು ಬಗ್ಗಿಸಿ ಕೂರುತ್ತೇವೆಯೇ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ನೀನು ಫಿಟ್ಟರ್ ಕಲಿತವಳು, ಯಂತ್ರ ಅರ್ಥವಾಗುತ್ತದೆ. ಖಾಜಾಮಿಯಾ ನನಗೆ ಹೇಳಿಕೊಟ್ಟ ಹಾಗೆಯೇ ಹೇಳುತ್ತೇನೆ. ಅವರ ಮನೆತನದ ಕೆಲಸ ಸ್ಟೋ ರಿಪೇರಿ. ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋ ಇತ್ತಲ್ಲ, ಅದು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಅಂಗಡಿ ಮುಚ್ಚಿ ಕಾರ್ಖಾನೆಗೆ ಬಂದಿದ್ದರು. ಗಾಳಿಯ ಒತ್ತಡ ಎಲ್ಲಿ ಸೋರುತ್ತದೆ, ಯಾವ ವಾಲ್ವು ಸರಿಯಾಗಿ ಕೂತಿಲ್ಲ ಎಂಬುದನ್ನು ಕಿವಿಯಿಂದಲೇ ಹೇಳುತ್ತಿದ್ದರು.

ಮಾರ್ಕರ್‌ನ ಹೊಟ್ಟೆಯಲ್ಲಿ ಒಂದು ಉಕ್ಕಿನ ತುಂಡು ಇರುತ್ತದೆ, ಹ್ಯಾಮರ್ ಅನ್ನುತ್ತಾರೆ. ಅದನ್ನು ಹಿಂದಕ್ಕೆಳೆದರೆ ಅದರ ಹಿಂದಿನ ಸ್ಪ್ರಿಂಗು ಅಮುಕಿಕೊಳ್ಳುತ್ತದೆ, ಒಂದು ಸಣ್ಣ ಕೊಂಡಿ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದರೆ ಕೊಂಡಿ ಜಾರಿ ಹ್ಯಾಮರ್ ಮುಂದಕ್ಕೆ ನುಗ್ಗುತ್ತದೆ. ಅದಕ್ಕೆ ಜೋಡಿಸಿದ ಬೋಲ್ಟು ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ, ಹ್ಯಾಮರ್ ಹೋಗಿ ವಾಲ್ವಿನ ಕಡ್ಡಿಗೆ ಬಡಿಯುತ್ತದೆ. ಸಿಲಿಂಡರಿನ ಗಾಳಿ ಆಗ ಒಮ್ಮೆಲೇ ಹೊರಗೆ ಬಂದು ಅರ್ಧ ಮುಂದೆ ಹೋಗಿ ಗುಂಡನ್ನು ಹಾರಿಸುತ್ತದೆ, ಅರ್ಧ ಹಿಂದೆ ಬಂದು ಹ್ಯಾಮರನ್ನು ಮತ್ತೆ ಕೊಂಡಿಗೆ ತಂದು ಸಿಗಿಸುತ್ತದೆ. "ಎಲ್ಲಾ ಆ ಕೊಂಡಿ ಮ್ಯಾಲ ನಿಂತದ ಬಾಯಿ" ಅನ್ನುತ್ತಿದ್ದರು ಖಾಜಾಮಿಯಾ. "ಕೊಂಡಿ ಗಟ್ಟಿ ಹಿಡೀಲಿಲ್ಲ ಅಂದ್ರ, ಮಾರ್ಕರ್ ನೀವು ಹೇಳಿದ್ದು ಕೇಳಲ್ಲ. ತನಗ ಬೇಕಾದಾಗ ಹೊಡೀತದ."

ನನ್ನ ಕೆಲಸ ರಬ್ಬರಿನ ಸಣ್ಣ ರಿಂಗುಗಳನ್ನು ಕೂರಿಸುವುದು, ಎಣ್ಣೆ ಹಚ್ಚುವುದು, ಒಳಗಿನದನ್ನು ಜೋಡಿಸುವುದು. ಮೊದಲ ತಿಂಗಳಲ್ಲೇ ಎಡವಟ್ಟು ಮಾಡಿದೆ. ಸಿಲಿಂಡರ್ ಬಿಚ್ಚಿದ ಮೇಲೆ ಒಳಗೆ ಗಾಳಿ ಉಳಿದಿರುತ್ತದೆ, ಎರಡು ಸಲ ಖಾಲಿ ಹೊಡೆದು ಆಮೇಲೆ ಮಾರ್ಕರ್ ಬಿಚ್ಚಬೇಕು. ನಾನು ಮರೆತೆ. ಮುಚ್ಚಳ ತಿರುಗಿಸಿದ್ದೇ ತಡ ಸ್ಪ್ರಿಂಗು ಹಾರಿ ಸೂರಿನ ತಗಡಿಗೆ ಬಡಿಯಿತು, ಬೆರಳು ಮಂಜಿನಲ್ಲಿ ಅದ್ದಿದ ಹಾಗೆ ಬೆಳ್ಳಗಾದವು. ಖಾಜಾಮಿಯಾ ಓಡಿ ಬಂದು ನನ್ನ ಕೈ ನೋಡಿದರು, ಆಮೇಲೆ ಬೈದರು.

"ತಲಿ ಎಲ್ಲಿಟ್ಟಿದ್ರಿ? ಮನ್ಯಾಗ ಕುಕ್ಕರ್ ಸೀಟಿ ಇಳಿಯೋಕಿನ ಮುಂಚಿ ಮುಚ್ಚಳ ತೆಗೀತೀರೇನು?"

"ಇಲ್ಲರಿ."

"ಹಾಂಗಾದ್ರ ಇಲ್ಲಿ ಯಾಕ ತೆಗೆದ್ರಿ? ಇದು ಮನ್ಯಾಗಿನ ಕುಕ್ಕರ್‌ಕಿನ ಕೆಟ್ಟದ್ದು. ಸೀಟಿ ಸುದ್ದಾ ಹೊಡೆಯಲ್ಲ."

ಆ ಬೈಗುಳ ನನಗೆ ಇವತ್ತಿಗೂ ಉಪಕಾರವೇ.

ಸುಧೀರ ಸರ್ ಎಂಬ ಇಂಜಿನಿಯರ್ ಪುಣೆಯಿಂದ ಬಂದವರು. ನಕ್ಷೆ ಬರೆಯುವುದು ಅವರ ಕೆಲಸ. ಹೊರದೇಶದ ಒಂದು ಮಾರ್ಕರನ್ನು ಬಿಚ್ಚಿ, ತುಂಡು ತುಂಡಾಗಿ ಅಳೆದು, ನಮ್ಮದನ್ನು ಬೇರೆಯೇ ರೀತಿಯಲ್ಲಿ ಮಾಡಿದರು. ತೂಕ ಇಳಿಸಿದರು, ಹಿಡಿಯ ಆಕಾರ ಬದಲಿಸಿದರು, ಗುಂಡು ಬೀಳುವ ಕೊಳವೆಯನ್ನು ಸ್ವಲ್ಪ ಬಾಗಿಸಿದರು. ಬುದ್ಧಿವಂತರು, ಸುಳ್ಳು ಹೇಳಬಾರದು. ಆದರೆ ಮೊದಲ ಮಾರ್ಕರ್‌ಗಳಲ್ಲಿ ಹತ್ತು ಗುಂಡಿಗೆ ಮೂರು ಒಳಗೇ ಒಡೆಯುತ್ತಿದ್ದವು. ನಳಿಗೆಯಿಂದ ಬಣ್ಣದ ಗಂಜಿ ಸುರಿಯುತ್ತಿತ್ತು. ಗುಂಡು ಮುಂದೆ ಉರುಳಿ ಹೋಗದಂತೆ ತಡೆಯಲು ಅವರು ತಂತಿಯ ಸ್ಪ್ರಿಂಗು ಇಟ್ಟಿದ್ದರು. ಆ ತಂತಿಯ ತುದಿ ತೆಳ್ಳಗಿನ ಸಿಪ್ಪೆಗೆ ಚುಚ್ಚುತ್ತಿತ್ತು. ನನಗದು ಕಂಡಿತು. ಸೈಕಲ್ಲಿನ ವಾಲ್ ಟ್ಯೂಬಿನ ರಬ್ಬರನ್ನು ಸಣ್ಣಗೆ ಕತ್ತರಿಸಿ, ತಂತಿ ಕೂರುವ ತೂತಿನಲ್ಲಿ ಮೊಗ್ಗಿನ ಹಾಗೆ ಕೂರಿಸಿ ಖಾಜಾಮಿಯಾಗೆ ತೋರಿಸಿದೆ. ಅವರು ಐವತ್ತು ಗುಂಡು ಹೊಡೆದರು. ಒಂದೂ ಒಡೆಯಲಿಲ್ಲ.

"ಸರ್‌ಗೆ ನೀವೇ ಹೋಗಿ ಹೇಳ್ರಿ" ಅಂದರು.

"ನಾ ಒಲ್ಲೆರಿ. ನೀವೇ ಹೇಳ್ರಿ."

ಅವರು ಹೋಗಿ ನನ್ನ ಹೆಸರು ಹೇಳಿಯೇ ಹೇಳಿದರು. ಸುಧೀರ ಸರ್ ರಬ್ಬರ್ ತುಂಡನ್ನು ತಿರುಗಿಸಿ ನೋಡಿ, "ನಾನೂ ಇದನ್ನೇ ಯೋಚಿಸ್ತಿದ್ದೆ" ಅಂದರು. ವಾರದಲ್ಲಿ ಹೊಸ ನಕ್ಷೆ ಬಂತು. ಕೆಳಗೆ ಅವರ ಸಹಿ. ನಕ್ಷೆ ಬರೆದವರ ಸಹಿ ಇರುವುದೇ ವಾಡಿಕೆ, ಅದರಲ್ಲಿ ತಪ್ಪಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಖಾಜಾಮಿಯಾ ಮಾತ್ರ ಅವತ್ತು ಊಟದ ಡಬ್ಬಿ ಬಿಚ್ಚುತ್ತ, "ಒಂದ್ ಮಾತ್ ಹೇಳ್ತೀನಿ ಕೇಳ್ರಿ ಕಲಾಬಾಯಿ. ಬಾಯಿ ಮುಚ್ಚಿ ಕೂತವರಿಗಿ ಈ ಶೆಡ್ಡಿನಾಗ ಯಾರೂ ಏನೂ ಕೊಡಲ್ಲ" ಅಂದರು. ನಾನು ನನ್ನ ಪುಂಡಿಪಲ್ಯ ಅವರ ತಟ್ಟೆಗೆ ಹಾಕಿದೆ, ಅವರು ಖೀಮಾ ಬದಿಗಿಟ್ಟು ಬರೀ ರೊಟ್ಟಿಯ ಜೊತೆ ಅದನ್ನೇ ತಿಂದರು. ನಾವಿಬ್ಬರೂ ದಿನಾ ಒಂದೇ ಬೆಂಚಿನ ಮೇಲೆ ಉಣ್ಣುತ್ತಿದ್ದೆವು.

ಆ ಕಾಲದಲ್ಲಿ ನಮ್ಮ ಪರೀಕ್ಷೆಯ ರೀತಿಯೂ ವಿಚಿತ್ರ. ಗುಂಡಿಗೆ ನಳಿಗೆ ಸರಿಯಾಗಿದೆಯೇ ನೋಡಲು ಗುಂಡನ್ನು ನಳಿಗೆಯಲ್ಲಿ ಹಾಕಿ ಬಾಯಿಂದ ಊದಬೇಕು. ತಾನಾಗಿ ಉರುಳಿ ಬಿದ್ದರೆ ಸಡಿಲ, ಊದಿದರೂ ಹೋಗದಿದ್ದರೆ ಬಿಗಿ. ಮಳೆಗಾಲದಲ್ಲಿ ಗುಂಡು ಉಬ್ಬುತ್ತಿತ್ತು, ಊದಿ ಊದಿ ಗಲ್ಲ ನೋಯುತ್ತಿತ್ತು. ವೇಗ ನೋಡಲು ಶೆಡ್ಡಿನ ಹಿಂದೆ ಹಸಿಮಣ್ಣಿನ ಗೋಡೆ. ಹೊಡೆದ ಕುಳಿಯಲ್ಲಿ ಖಾಜಾಮಿಯಾ ಬೆರಳಿಟ್ಟು "ಜರಾ ಜಾಸ್ತಿ ಅದ" ಎಂದರೆ ಸ್ಪ್ರಿಂಗು ಸಡಿಲಿಸುವುದು. ಎರಡು ವರ್ಷದ ಮೇಲೆ ವೇಗ ಅಳೆಯುವ ಯಂತ್ರ ಬಂತು. ಸೆಕೆಂಡಿಗೆ ಮುನ್ನೂರು ಅಡಿ ದಾಟಬಾರದು ಎಂಬ ನಿಯಮವೂ ಅದರ ಜೊತೆಗೇ ಬಂತು. ಯಂತ್ರಕ್ಕೆ ತೋರಿಸಿದರೆ ಅವರ ಬೆರಳು ಹೇಳಿದ್ದೂ ಅದು ಹೇಳಿದ್ದೂ ಹೆಚ್ಚುಕಡಿಮೆ ಒಂದೇ. ಆದರೂ ಅಂದಿನಿಂದ ಯಾರೂ ಅವರ ಬೆರಳನ್ನು ಕೇಳಲಿಲ್ಲ. ಜೋಡಿಸಿದ ಪ್ರತಿ ಮಾರ್ಕರ್‌ಗೂ ಒಂದು ಹಾಳೆ, ಹಾಳೆಯ ಕೆಳಗೆ ಹಿರಿಯ ಫಿಟ್ಟರ್ ಸಹಿ. ಖಾಜಾಮಿಯಾ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದರು.

ಈಗ ಎಣ್ಣೆಯ ವಿಷಯಕ್ಕೆ ಬರುತ್ತೇನೆ.

ರಿಂಗಿಗೂ ಹ್ಯಾಮರಿಗೂ ಕೊಂಡಿಗೂ ಹಚ್ಚುವ ಎಣ್ಣೆ ಪುಣೆಯಿಂದ ಸಣ್ಣ ಸಣ್ಣ ಬಾಟಲಿಗಳಲ್ಲಿ ಬರುತ್ತಿತ್ತು. ಒಂದು ಸಲ ದಸರೆಯ ಮುಂಚೆ ಎಣ್ಣೆ ಮುಗಿಯಿತು, ಹೊಸದು ಬರಲಿಲ್ಲ. ಭಾಲ್ಕಿ ರಸ್ತೆಯ ಮೈದಾನಕ್ಕೆ ದಸರೆಯ ಸೂಟಿ ಶುರುವಾಗುವುದರೊಳಗೆ ನಲವತ್ತು ಮಾರ್ಕರ್ ಕೊಡಬೇಕಿತ್ತು. ಖಾಜಾಮಿಯಾ ಅಕ್ಕನ ಮಗಳ ಮದುವೆಗೆಂದು ಔರಾದಕ್ಕೆ ಹೊರಟಿದ್ದರು. ಹೋಗುವಾಗ ನನಗೆ ಹೇಳಿದರು:

"ಎಣ್ಣಿ ಬರೋತನ ಒಂದೂ ಜೋಡಸಬ್ಯಾಡ್ರಿ. ಮೂರು ದಿನದಾಗ ಬರ್ತೀನಿ."

ಮರುದಿನ ಪಾಟೀಲ ಸರ್ ಮೇಜಿನ ಹತ್ತಿರ ಬಂದು ನಿಂತರು.

"ಏನ್ ಕೈ ಕಟ್ಕೊಂಡ್ ಕೂತೀರಿ ಬಾಯಿ?"

"ಎಣ್ಣಿ ಇಲ್ಲರಿ ಸರ್."

"ಎಣ್ಣಿ ಇಲ್ಲಂತ ಕೂತ್ರ ಆಯ್ತೇನು? ಇಡೀ ಬೀದರದಾಗ ಎಣ್ಣಿ ಬರಗಾಲ ಬಿದ್ದದೇನು? ಎಣ್ಣಿ ಅಂದ್ರ ಎಣ್ಣಿ. ಏನಾರೆ ಮಾಡ್ರಿ, ನಾಡದ್ದು ಗಾಡಿ ಬರ್ತದ."

ಏನಾದರೂ ಮಾಡಿ ಅಂದರು. ನನಗೆ ಹೊಳೆದದ್ದು ಸಂತಪುರದ ಮನೆ. ಅಲ್ಲಿ ಪಂಪಿನ ಸ್ಟೋ ಬಿಗಿಯಾದಾಗ ನಮ್ಮ ಅತ್ತೆ ಚರ್ಮದ ವಾಷರಿಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದರು, ಪಂಪು ಬೆಣ್ಣೆಯ ಹಾಗೆ ಓಡುತ್ತಿತ್ತು. ಮರುದಿನ ಬೆಳಿಗ್ಗೆ ಮನೆಯಿಂದ ಒಂದು ಬಾಟಲಿ ಕುಸುಬಿ ಎಣ್ಣೆ ತಂದೆ. ಹಚ್ಚಿದೆ. ಮಾರ್ಕರ್‌ಗಳು ಪುಣೆಯ ಎಣ್ಣೆಗಿಂತ ಚೆನ್ನಾಗಿ ಓಡಿದವು. ಯಂತ್ರದಲ್ಲಿ ವೇಗ ಸರಿ, ಸೋರಿಕೆ ಇಲ್ಲ. ಎರಡು ದಿನದಲ್ಲಿ ನಲವತ್ತೂ ಮುಗಿಸಿದೆ. ಪಾಟೀಲ ಸರ್ ಬಾಟಲಿ ಎತ್ತಿ ಮೂಸಿ ನೋಡಿ, "ಭಾರೀ ಮಾಡಿದ್ರಿ ಬಾಯಿ! ಇಂಜಿನಿಯರ್‌ಗಿನ ನೀವೇ ಛಲೋ" ಅಂದರು. ಅವರಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ನನ್ನ ಕಿವಿ ಬಿಸಿಯಾದವು.

ಖಾಜಾಮಿಯಾ ಬಂದಾಗ ನಲವತ್ತು ಮಾರ್ಕರ್ ಗೋಣಿಚೀಲದಲ್ಲಿ ತುಂಬಿದ್ದವು. "ಎಣ್ಣಿ ಬಂತೇನು?" ಎಂದು ಕೇಳಿದರು. ನಾನು ಹೂಂ ಅಂದೆ. ಅವರು ಬೈಯುತ್ತಾರೆಂಬ ಹೆದರಿಕೆ ಒಂದಾದರೆ, ಆ ಹೊಗಳಿಕೆ ಇನ್ನೊಂದು ದಿನವಾದರೂ ನನ್ನ ಹತ್ತಿರ ಇರಲಿ ಎಂಬ ಆಸೆ ಇನ್ನೊಂದು. ಅವರು ನನ್ನ ಮಾತು ನಂಬಿ ನಲವತ್ತು ಹಾಳೆಗೂ ಸಹಿ ಹಾಕಿದರು.

ಕುಸುಬಿ ಎಣ್ಣೆಯ ಡಬ್ಬಿಯ ಬಾಯಿಗೆ ಕೆಲವು ದಿನ ಬಿಟ್ಟರೆ ಹಳದಿ ಅಂಟು ಕಟ್ಟಿಕೊಂಡು ಉಗುರಿನಿಂದ ಕೆರೆದರೂ ಬರುವುದಿಲ್ಲ. ನಮ್ಮ ಕಡೆಯ ಯಾವ ಹೆಂಗಸಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಸ್ಟೋವಿನಲ್ಲಾದರೆ ದಿನಾ ಪಂಪು ಓಡುತ್ತದೆ, ಚರ್ಮ ಎಣ್ಣೆ ಕುಡಿಯುತ್ತದೆ. ಮಾರ್ಕರ್‌ನಲ್ಲಿ ಅದು ತೆಳ್ಳಗೆ ಉಕ್ಕಿನ ಮೇಲೆ ಕೂತು, ಧೂಳು ಹಿಡಿದು, ಒಣಗುತ್ತದೆ. ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಕಾರ್ಖಾನೆಯ ಮೇಜಿನ ಮುಂದೆ ಯಾಕೆ ನೆನಪಾಗಲಿಲ್ಲವೋ, ಎಷ್ಟು ಯೋಚಿಸಿದರೂ ನನಗೆ ಉತ್ತರ ಸಿಕ್ಕಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮೈದಾನದಿಂದ ಫೋನು ಬಂತು. ಅಲ್ಲಿ ಕೆಲಸಕ್ಕಿದ್ದ ನಾಗೇಶ ಎಂಬುವನು ಆಟ ಮುಗಿದ ಮೇಲೆ ಮಾರ್ಕರ್‌ಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದ. ಬೆವರು ಒರೆಸಲು ಮುಖವಾಡ ಮೇಲೆ ಸರಿಸಿದ್ದ. ಆಟಗಾರನೊಬ್ಬ ತನ್ನ ಮಾರ್ಕರನ್ನು, ಗುಂಡು ಹಾರದಂತೆ ತಡೆಯುವ ಚೀಲವನ್ನು ನಳಿಗೆಗೆ ತೊಡಿಸದೆಯೇ, ಮೇಜಿನ ಮೇಲೆ ಧಪ್ಪನೆ ಇಟ್ಟ. ಟ್ರಿಗರನ್ನು ಯಾರೂ ಮುಟ್ಟಲಿಲ್ಲ. ಅದು ತಾನಾಗಿ ಹೊಡೆಯಿತು. ಗುಂಡು ನಾಗೇಶನ ಎಡಗಣ್ಣಿಗೆ ಬಿತ್ತು.

ಆ ಮಾರ್ಕರ್ ಕಾರ್ಖಾನೆಗೆ ಬಂದಾಗ ಸುಧೀರ ಸರ್, ಪಾಟೀಲ ಸರ್, ಖಾಜಾಮಿಯಾ, ನಾನು, ನಾಲ್ವರೂ ಮೇಜಿನ ಸುತ್ತ ಇದ್ದೆವು. ಖಾಜಾಮಿಯಾ ಬಿಚ್ಚಿದರು. ಕೊಂಡಿಯ ಮೇಲೆ ಹಳದಿ ಅಂಟು. ಅದು ಪೂರ್ತಿ ಮೇಲಕ್ಕೆ ಬರದೆ ಅರ್ಧದಲ್ಲೇ ನಿಂತು, ಹ್ಯಾಮರನ್ನು ಉಗುರಿನ ಅಂಚಿನಷ್ಟೇ ಹಿಡಿದಿತ್ತು. ಒಂದು ಪೆಟ್ಟು ಬಿದ್ದರೆ ಸಾಕು, ಜಾರಬೇಕು. ಬಿಚ್ಚಿದ ಕೂಡಲೇ ವಾಸನೆ ಬಂತು. ನಮ್ಮ ಮನೆಯ ವಾಸನೆ. 

ಸುಧೀರ ಸರ್ ಕೇಳಿದರು: "ಇದ್ಯಾವ ಎಣ್ಣೆ?"

ಖಾಜಾಮಿಯಾ ಕೊಂಡಿಯನ್ನೇ ನೋಡುತ್ತಿದ್ದರು. ಪಾಟೀಲ ಸರ್ ನನ್ನ ಕಡೆ ಒಮ್ಮೆ ನೋಡಿದರು, ನೋಟ ತಿರುಗಿಸಿದರು. ಆಮೇಲೆ ಹಾಳೆ ತೆಗೆದು ಸಹಿ ತೋರಿಸಿದರು.

"ಸಹಿ ಖಾಜಾಮಿಯಾಂದು ಅದ. ಸ್ಟೋ ರಿಪೇರಿ ಮಾಡವ್ರು, ಸ್ಟೋಗ ಹಾಕೋ ಎಣ್ಣಿ ಇದಕ್ಕೂ ಹಾಕ್ಯಾರ. ಮತ್ತೇನ್ ಅದ?"

ಸುಧೀರ ಸರ್ ನನ್ನ ಕಡೆ ತಿರುಗಿದರು. "ಬಾಯಿ, ನೀವು ಅದೇ ಮೇಜಿನ ಹತ್ತಿರ ಇರ್ತೀರಿ. ನಿಮಗೇನಾದರೂ ಗೊತ್ತಾ?"

ಖಾಜಾಮಿಯಾ ಆಗ ತಲೆ ಎತ್ತಿ ನನ್ನನ್ನು ನೋಡಿದರು.

"ಇಲ್ಲರಿ" ಅಂದೆ.

ಅಷ್ಟೇ. ಒಂದು ಮಾತು. ನನ್ನ ಕೆಲಸ ಹೋದರೆ ನಿಮ್ಮ ಅವ್ವನ ಕಾಲೇಜು ನಿಲ್ಲುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೂ ಹೌದು. ಆದರೆ ಆ ಕ್ಷಣದಲ್ಲಿ ನಾನು ನಿಮ್ಮ ಅವ್ವನ ನೆನಪು ಮಾಡಿಕೊಂಡಿರಲಿಲ್ಲ, ರೇಣುಕಾ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅವರು ನೋಡುವುದು ನಿಂತರೆ ಸಾಕು ಅನ್ನಿಸಿತ್ತು.

ಖಾಜಾಮಿಯಾರನ್ನು ಅವತ್ತೇ ಕೆಲಸದಿಂದ ತೆಗೆದರು. ಅವರು ತಮ್ಮ ಅರ, ಇಕ್ಕಳಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ಕೊಳಾರ ಸಣ್ಣ ಜಾಗ. ಬೇರೆ ಕಾರ್ಖಾನೆಗೆ ಅವರು ಹೋದಲ್ಲೆಲ್ಲ ಸುದ್ದಿ ಅವರಿಗಿಂತ ಮುಂಚೆ ಮುಟ್ಟುತ್ತಿತ್ತು. ಅವರ ಮಗ ಸಲೀಂ ಅದೇ ಕೊಳಾರದಲ್ಲಿ ಮೋಟಾರು ಕಟ್ಟುವ ಶೆಡ್ಡಿನಲ್ಲಿದ್ದ. ಮದುವೆಯಾದವನು. "ನಿಮ್ಮಪ್ಪ ಇವತ್ತು ಯಾರ ಕಣ್ಣಿಗಿ ಎಣ್ಣಿ ಬಿಟ್ಟ?" ಎಂದು ಜೊತೆಗಾರರು ಛೇಡಿಸುತ್ತಿದ್ದರಂತೆ. ಅವನು ತಂದೆಯ ಜೊತೆ ಮಾತು ಬಿಟ್ಟಿದ್ದಾನೆ, ಒಂದೇ ಮನೆಯಲ್ಲಿದ್ದೂ ಬೇರೆ ಉಣ್ಣುತ್ತಾನೆ ಎಂದು ಕ್ಯಾಂಟೀನಿನವಳು ಹೇಳಿದಳು. ಕೇಳಿಸಿಕೊಂಡೆ. ಚಹಾ ಕುಡಿದು ಮೇಜಿಗೆ ವಾಪಸ್ಸು ಹೋದೆ.

ಖಾಜಾಮಿಯಾ ಕೂರುತ್ತಿದ್ದ ಸ್ಟೂಲಿನ ಮೇಲೆ ಪಾಟೀಲ ಸರ್ ನನ್ನನ್ನು ಕೂರಿಸಿದರು. ಹಾಳೆಗಳಿಗೆ ನಾನು ಸಹಿ ಹಾಕತೊಡಗಿದೆ. ಇದನ್ನು ನಿಮ್ಮ ಅವ್ವ ಇವತ್ತಿಗೂ ಅಭಿಮಾನದಿಂದ ಹೇಳುತ್ತಾಳೆ. ಆ ಬಡ್ತಿಯ ಮಾತು ಬಂದಾಗಲೆಲ್ಲ ನಾನು ಎದ್ದು ಹೋಗುವುದನ್ನು ನೀವು ನೋಡಿದ್ದೀರಿ. ಕಾರಣ ಇದು.

ಮುಂದಿನ ವರ್ಷಗಳಲ್ಲಿ ಕೆಲಸ ಬದಲಾಯಿತು. ಸಿಲಿಂಡರಿಗೆ ಬೇರೆ ಗಾಳಿ ಬಂತು, ಕೊಂಡಿಯ ಬದಲು ಬ್ಯಾಟರಿಯ ಮೇಲೆ ನಡೆಯುವ ಮಾರ್ಕರ್ ಬಂತು, ಎಣ್ಣೆಯನ್ನು ಬೀಗದ ಕಪಾಟಿನಲ್ಲಿಡುವ ನಿಯಮ ಬಂತು. ಕೈಕೆಳಗೆ ಬಂದ ಹುಡುಗಿಯರಿಗೆ ನಾನು ಕಲಿಸಿದ್ದೆಲ್ಲ ಖಾಜಾಮಿಯಾ ಹೇಳಿಕೊಟ್ಟದ್ದೇ. ಎರಡು ಸಲ ಖಾಲಿ ಹೊಡೆದು ಬಿಚ್ಚು. ಮುಖವಾಡ ತೆಗೆಯುವ ಮುಂಚೆ ಸುತ್ತ ನೋಡು. ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡು, ಕಣ್ಣಿನ ಮೇಲೆ ಭರವಸೆ ಇಡಬೇಡ. ಅವರ ಹೆಸರು ಮಾತ್ರ ಹೇಳುತ್ತಿರಲಿಲ್ಲ. ನಾಗೇಶನನ್ನು ಒಮ್ಮೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಡೆ. ಎಡಗಡೆಯಿಂದ ಬಂದ ಬಸ್ಸನ್ನು ನೋಡಲು ಇಡೀ ಕತ್ತು ತಿರುಗಿಸುತ್ತಿದ್ದ. ಅವನಿಗೆ ನನ್ನ ಗುರುತಿರಲಿಲ್ಲ. ನಾನು ಕಂಬದ ಹಿಂದೆ ನಿಂತು, ಅವನ ಬಸ್ಸು ಹೋದ ಮೇಲೆ ಹೊರಗೆ ಬಂದೆ.

ನಾನು ನಿವೃತ್ತಳಾದ ವರ್ಷವೇ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಯಾರೋ ಒಯ್ದರು. ಪಾಟೀಲ ಸರ್ ಹುಮನಾಬಾದಿಗೆ ಹೋದರು ಎಂದು ಕೇಳಿದೆ. ಎಲ್ಲಿ ನಿಜ ಹೇಳಬೇಕಿತ್ತೋ ಆ ಕೋಣೆಯೇ ಇಲ್ಲವಾಯಿತು. ಇನ್ನು ಹೇಳುವ ಅಗತ್ಯವಿಲ್ಲ ಎಂದು ಒಳಗೊಳಗೇ ಹಗುರವಾದದ್ದೂ ಸುಳ್ಳಲ್ಲ. ಎಷ್ಟೋ ವರ್ಷದ ಮೇಲೆ ಅದೇ ಕೊಳಾರದ ಬೇರೊಂದು ಕಾರ್ಖಾನೆಯಿಂದ ನಿನಗೆ ಪತ್ರ ಬಂತು. ನೀನು ಏನು ಕಲಿಯಬೇಕು ಎಂದು ಕೇಳಿದೆ. ಮರುದಿನ ಬೆಳಿಗ್ಗೆ, ಗುಡಿಗೆ ಹೋಗುತ್ತೇನೆಂದು ಹೇಳಿ ಹೊರಟೆನಲ್ಲ, ನಾನು ಹೋದದ್ದು ಖಾಜಾಮಿಯಾ ಮನೆಗೆ.

ಹಳೆಯ ಊರಿನ ಒಳಗೆ, ಓಣಿಯ ಕಡೆಯ ಮನೆ. ಅವರು ಹೊಸ್ತಿಲ ಹೊರಗೆ ಗೋಣಿತಾಟಿನ ಮೇಲೆ ಕೂತು ಯಾರದೋ ಗ್ಯಾಸಿನ ಒಲೆಯ ಬರ್ನರ್ ಉಜ್ಜುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿ ಎದೆಗೆ ಇಳಿದಿತ್ತು.

"ಕಲಾಬಾಯಿ" ಅಂದರು. ಆಶ್ಚರ್ಯ ಪಡಲಿಲ್ಲ. ಕೂಡ್ರಿ ಎಂದೂ ಅನ್ನಲಿಲ್ಲ.

ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದೆಲ್ಲ ಹೋಯಿತು. "ಖಾಜಾಭಾಯ್, ಆ ಎಣ್ಣಿ ನಾ ಹಾಕಿದ್ದೆ" ಅಂದೆ.

"ಗೊತ್ತದ."

"ಯಾವಾಗ ಗೊತ್ತಾಯ್ತು?"

"ಅದೇ ಹೊತ್ತಿಗಿ, ಮಾರ್ಕರ್ ಬಿಚ್ಚಿದಾಗ. ನಮ್ಮ ಮನ್ಯಾಗ ಕುಸುಬಿ ಎಣ್ಣಿ ಯಾರು ತಿಂತಾರ ಬಾಯಿ? ಅದು ನಿಮ್ಮ ಡಬ್ಬ್ಯಾಗಿನ ಪಲ್ಯದ ವಾಸನಿ. ಎಷ್ಟು ವರ್ಷ ಒಂದೇ ಬೆಂಚಿನ ಮ್ಯಾಲ ಉಂಡೀವಿ."

"ಹಾಂಗಾದ್ರ ಯಾಕ ಹೇಳಲಿಲ್ಲ?"

ಅವರು ಬರ್ನರನ್ನು ಕೆಳಗಿಟ್ಟರು. "ನೀವು ಹೇಳ್ತೀರಿ ಅಂತ ನಿಂತಿದ್ದೆ. ನಿಮ್ಮ ಮಾರಿ ನೋಡ್ಕೋತ ನಿಂತಿದ್ದೆ. ನೀವು ಇಲ್ಲರಿ ಅಂದ್ರಿ. ಅದಾದ ಮ್ಯಾಲ ನಾ ಏನ್ ಹೇಳ್ಲಿ? ಗಂಡ ಸತ್ತ ಹೆಂಗಸಿನ ಮ್ಯಾಲ ಹಾಕಿ ತಾ ಪಾರಾದ ಅಂತಿದ್ರು. ಎರಡು ವರ್ಷ ಇದೇ ಹೊಸ್ತಿಲದಾಗ ಕೂತು ಓಣಿ ನೋಡೀನಿ, ಇವತ್ತು ಬರ್ತೀರಿ, ನಾಳಿ ಬರ್ತೀರಿ ಅಂತ. ಆಮ್ಯಾಲ ಬಿಟ್ಟೆ."

"ತಪ್ಪಾಯ್ತು, ಖಾಜಾಭಾಯ್."

"ಅದು ನನಗ್ಯಾಕ ಹೇಳ್ತೀರಿ? ನನಗ ಮೊದಲೇ ಗೊತ್ತದ. ಗೊತ್ತಿಲ್ಲದವನು ಒಳಗ ಅದಾನ." ಅವರು ಒಳಗೆ ಕೈ ಮಾಡಿದರು. "ಇಪ್ಪತ್ತೆರಡು ವರ್ಷ ಆಯ್ತು, ಮಗ ನನ್ನ ಕೈಯಾಗಿನ ನೀರು ಕುಡಿಲಾಕ ಒಲ್ಲ. ಅಬ್ಬಾ ಒಬ್ಬನ ಕಣ್ಣು ಕಳೆದಾನ ಅಂತಾನ. ನಾ ಅಲ್ಲ ಅಂದ್ರ, ಎಲ್ಲಾ ಅಪ್ಪಂದಿರೂ ಹಾಂಗೇ ಅಂತಾರ ಅಂತಾನ. ಅವನಿಗಿ ಹೇಳ್ರಿ."

ಅವರೇ ಕೂಗಿದರು. ಸಲೀಂ ಬನಿಯನ್ ಮೇಲೆಯೇ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ತಲೆಗೂದಲಲ್ಲಿ ಅಲ್ಲಲ್ಲಿ ಬಿಳಿ. ಅವನ ಹಿಂದೆ ಅವನ ಹೆಂಡತಿ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡುತ್ತ ಹೇಳಿದೆ. ಎಣ್ಣೆ ನಾನು ತಂದದ್ದು, ನಿಮ್ಮ ತಂದೆ ಬೇಡವೆಂದು ಹೇಳಿ ಔರಾದಕ್ಕೆ ಹೋಗಿದ್ದರು, ಎಣ್ಣೆ ಬಂತೆಂದು ನಾನು ಸುಳ್ಳು ಹೇಳಿದ್ದಕ್ಕೆ ಅವರು ಸಹಿ ಹಾಕಿದರು, ಕೇಳಿದಾಗ ನಾನು ಇಲ್ಲ ಅಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಸಲೀಂ ಎರಡು ಸಲ "ಏನು?" ಎಂದು ಕೇಳಿದ. ಎರಡು ಸಲವೂ ಮೊದಲಿನಿಂದ ಹೇಳಿದೆ.

ಅವನು ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತಂದೆಯ ಕಡೆ ತಿರುಗಿ, "ಅಬ್ಬಾ, ತುಮ್ಕೊ ಮಾಲೂಮ್ ಥಾ?" ಅಂದ. ನಿಮಗೆ ಗೊತ್ತಿತ್ತೇ ಎಂದು.

"ಹೌ" ಅಂದರು ಖಾಜಾಮಿಯಾ.

"ಇಷ್ಟ್ ವರ್ಷ? ನನಗ ಸುದ್ದಾ ಹೇಳಲಿಲ್ಲ?"

ಅವರು ಬರ್ನರನ್ನು ಕೈಗೆತ್ತಿಕೊಂಡರು. ಸಲೀಂ ಆಗ ನನಗೆ, "ನೀವು ನಡೀರಿ ಬಾಯಿ" ಅಂದ. ಒರಟಾಗಿ ಅನ್ನಲಿಲ್ಲ. ಅಲ್ಲಿ ಇನ್ನು ಆಗಬೇಕಾದ ಮಾತಿನಲ್ಲಿ ನನಗೆ ಜಾಗವಿರಲಿಲ್ಲ.

ಓಣಿಯ ತಿರುವು ಮುಟ್ಟುವವರೆಗೂ ಇಬ್ಬರ ದನಿ ಕೇಳುತ್ತಿತ್ತು. ಸಲೀಂನ ದನಿ ಏರಿತ್ತು. ಅದರ ನಡುವೆ ಖಾಜಾಮಿಯಾ ಏನೋ ಹೇಳಲು ಹೋಗುತ್ತಿದ್ದರು, ಅವನು ಬಿಡುತ್ತಿರಲಿಲ್ಲ.